ಲ್ಯಾಬ್ರಡಾರ್ ಮರಿ ಹಾಕಿಸುವ ಮುನ್ನ: ವಂಶದಲ್ಲಿ ಹರಿದು ಬರುವ ಕುರುಡನ್ನು ತಡೆಯಲು ಸಮಗ್ರ ಮಾರ್ಗದರ್ಶಿ

ಲ್ಯಾಬ್ರಡಾರ್ ಸಾಕುವವರು ತಿಳಿದಿರಬೇಕಾದ ವಂಶಪಾರಂಪರ್ಯ ಕಣ್ಣಿನ ರೋಗಗಳಲ್ಲಿ ಮೊದಲನೆಯದು ಪ್ರೊಗ್ರೆಸಿವ್ ರೆಟಿನಲ್ ಅಟ್ರೊಫಿ, ಚಿಕ್ಕದಾಗಿ ಪಿಆರ್‌ಎ. ಈ ರೋಗದಲ್ಲಿ ಕಣ್ಣಿನ ಹಿಂಭಾಗದ ರೆಟಿನಾದಲ್ಲಿರುವ, ಬೆಳಕನ್ನು ಗ್ರಹಿಸುವ ಕೋಶಗಳು ನಿಧಾನವಾಗಿ ನಶಿಸುತ್ತವೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳು ಮೊದಲು ಹೋಗುವುದರಿಂದ ನಾಯಿಗೆ ಇರುಳುಗುರುಡು ಬರುತ್ತದೆ; ಆಮೇಲೆ ಶಂಕುಕೋಶಗಳೂ ಹೋಗಿ ಹಗಲಿನ ನೋಟವೂ ಮುಗಿಯುತ್ತದೆ. ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ನಾಯಿಯೂ ಮೂಗು ಮತ್ತು ಕಿವಿಗಳ ಬಲದಿಂದ ಮನೆಯೊಳಗೆ ಸಲೀಸಾಗಿ ಓಡಾಡಿಕೊಂಡಿರುತ್ತದೆ, ಆದ್ದರಿಂದ ಮನೆಯವರಿಗೆ ಬಹಳ ಕಾಲ ಅನುಮಾನವೇ ಬರುವುದಿಲ್ಲ.

ಈ ರೋಗದ ನಿಜವಾದ ತೊಡಕು ಅದು ಕಾಣಿಸಿಕೊಳ್ಳುವ ವಯಸ್ಸಿನಲ್ಲಿದೆ. ಲ್ಯಾಬ್ರಡಾರ್‌ಗಳಲ್ಲಿ ಹೆಚ್ಚಾಗಿರುವ ಪಿಆರ್‌ಸಿಡಿ ಎಂಬ ಬಗೆಯ ಲಕ್ಷಣಗಳು ಸಾಮಾನ್ಯವಾಗಿ 4ರಿಂದ 6 ವರ್ಷದ ಆಸುಪಾಸಿನಲ್ಲಿ ತಲೆ ಎತ್ತುತ್ತವೆ. ಹೆಣ್ಣುನಾಯಿ 2 ವರ್ಷಕ್ಕೆ ಮರಿ ಹಾಕಿ, ಆ ಮರಿಯೂ 2 ವರ್ಷಕ್ಕೆ ಮರಿ ಹಾಕಿದರೆ, ತಾಯಿಯ ಕಣ್ಣು ಮಂಜಾಗುವ ಹೊತ್ತಿಗೆ ಅದು ಅಜ್ಜಿಯಾಗಿರುತ್ತದೆ. ಆಗ ಪರೀಕ್ಷೆಗೆ ಓಡುವುದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಆದ್ದರಿಂದ ಕೆಳಗೆ ವಿವರಿಸಿರುವ ಕೆಲಸಗಳಲ್ಲಿ ಹೆಚ್ಚಿನವು ನಾಯಿ ಬೆದೆಗೆ ಬರುವುದಕ್ಕಿಂತ ಎಷ್ಟೋ ತಿಂಗಳು ಮೊದಲೇ ಮುಗಿಯಬೇಕಾದವು.

ಮನೆಯಲ್ಲಿ ಒಂದೇ ಹೆಣ್ಣುನಾಯಿ ಇಟ್ಟುಕೊಂಡು, ಒಂದು ಸಲವಾದರೂ ಮರಿ ಹಾಕಿಸೋಣ ಎಂದುಕೊಂಡಿರುವವರನ್ನು ಮುಖ್ಯವಾಗಿ ಗಮನದಲ್ಲಿಟ್ಟು ಇದನ್ನು ಬರೆದಿದ್ದೇನೆ. ಒಂದು ಸಲ ಮರಿ ಹಾಕದಿದ್ದರೆ ಹೆಣ್ಣುನಾಯಿಯ ಆರೋಗ್ಯ ಕೆಡುತ್ತದೆ ಎಂಬ ಮಾತು ನಮ್ಮಲ್ಲಿ ಇನ್ನೂ ಓಡಾಡುತ್ತಿದೆ, ಅದಕ್ಕೆ ಆಧಾರವಿಲ್ಲ. ಕೆಳಗಿನ ಹಂತಗಳು ಹೊರೆ ಎನ್ನಿಸಿದರೆ ಮರಿ ಹಾಕಿಸದೆ ಇರುವುದೂ ಒಂದು ಒಳ್ಳೆಯ ತೀರ್ಮಾನವೇ.

ಹಂತ 1: ರೋಗ ಹರಿಯುವ ಬಗೆಯನ್ನು ಅರ್ಥಮಾಡಿಕೊಳ್ಳಿ

ಪಿಆರ್‌ಎ ಎಂಬುದು ಒಂದೇ ರೋಗವಲ್ಲ, ಒಂದು ಗುಂಪಿನ ಹೆಸರು. ಸ್ವೀಡನ್ನಿನ ಗಾರ್ಡನ್ ಸೆಟರ್ ನಾಯಿಗಳಲ್ಲಿ ಇದನ್ನು 1911ರಲ್ಲೇ ವಿವರಿಸಲಾಗಿತ್ತು. ಐರಿಶ್ ಸೆಟರ್ ತಳಿಯಲ್ಲಿ ಅದಕ್ಕೆ ಕಾರಣವಾದ ವಂಶವಾಹಿ ದೋಷ 1993ರಲ್ಲಿ ಸಿಕ್ಕಿತು. ಲ್ಯಾಬ್ರಡಾರ್, ಕಾಕರ್ ಸ್ಪೇನಿಯಲ್, ಪೂಡಲ್ ಮುಂತಾದ ಹಲವು ತಳಿಗಳನ್ನು ಕಾಡುವ ಪಿಆರ್‌ಸಿಡಿ ದೋಷವನ್ನು ಅಮೆರಿಕದ ವಿಜ್ಞಾನಿಗಳು 2006ರಲ್ಲಿ ಗುರುತಿಸಿದರು. ಇಡೀ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದೇ ಈ ದೋಷ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ರೋಗವಿದ್ದ ಬಾಂಗ್ಲಾದೇಶದ ಒಬ್ಬ ಮನುಷ್ಯನಲ್ಲೂ ಅದೇ ಬದಲಾವಣೆ ಅದೇ ಅಧ್ಯಯನದಲ್ಲಿ ಕಂಡುಬಂದಿತು.

ಪಿಆರ್‌ಸಿಡಿ ಸುಪ್ತ ಗುಣವಾಗಿ ಹರಿಯುತ್ತದೆ. ಪ್ರತಿ ನಾಯಿಗೂ ಈ ವಂಶವಾಹಿಯ ಎರಡು ಪ್ರತಿಗಳಿರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಎರಡೂ ಸರಿಯಾಗಿದ್ದರೆ ನಾಯಿ ‘ಕ್ಲಿಯರ್’. ಒಂದರಲ್ಲಿ ದೋಷವಿದ್ದರೆ ‘ಕ್ಯಾರಿಯರ್’, ಎಂದರೆ ವಾಹಕ. ಎರಡರಲ್ಲೂ ದೋಷವಿದ್ದರೆ ‘ಅಫೆಕ್ಟೆಡ್’, ಎಂದರೆ ರೋಗ ಬರುವ ನಾಯಿ. ವಾಹಕ ನಾಯಿಗೆ ಈ ದೋಷದಿಂದ ಜೀವಮಾನವಿಡೀ ಕಣ್ಣಿನ ತೊಂದರೆ ಬರುವುದಿಲ್ಲ. ಅದರ ಕಣ್ಣನ್ನು ಎಷ್ಟೇ ದೊಡ್ಡ ತಜ್ಞರು ನೋಡಿದರೂ ಅದು ವಾಹಕವೆಂದು ಹೇಳಲಾಗದು.

ಎರಡು ವಾಹಕ ನಾಯಿಗಳನ್ನು ಕೂಡಿಸಿದರೆ ಹುಟ್ಟುವ ಪ್ರತಿ ಮರಿಗೂ ರೋಗ ಬರುವ ಸಂಭವ ಶೇ. 25, ವಾಹಕವಾಗುವ ಸಂಭವ ಶೇ. 50, ಕ್ಲಿಯರ್ ಆಗುವ ಸಂಭವ ಶೇ. 25. ಇದು ಪ್ರತಿ ಮರಿಗೂ ಬೇರೆಬೇರೆಯಾಗಿ ನಡೆಯುವ ಲೆಕ್ಕ, ನಾಲ್ಕು ಮರಿ ಹುಟ್ಟಿದರೆ ಒಂದು ಕುರುಡಾಗುತ್ತದೆ ಎಂಬ ನಿಯಮವಲ್ಲ. ಹಾಗೆ ಕೂಡಿಸಿ ಎಂಟು ಮರಿ ಹುಟ್ಟಿದರೂ ಅವುಗಳಲ್ಲಿ ಒಂದಕ್ಕೂ ರೋಗ ಬಾರದಿರುವ ಸಂಭವ ಸುಮಾರು ಶೇ. 10ರಷ್ಟಿದೆ, ನಾಲ್ಕೇ ಮರಿಗಳಾದರೆ ಅದು ಶೇ. 30ನ್ನೂ ಮೀರುತ್ತದೆ. ‘ಈ ಜೋಡಿಯಿಂದ ಹಿಂದೆ ಹುಟ್ಟಿದ ಮರಿಗಳೆಲ್ಲ ಚೆನ್ನಾಗಿವೆ’ ಎಂಬ ಮಾತನ್ನು ಸಾಕ್ಷಿಯೆಂದು ಒಪ್ಪಿಕೊಳ್ಳಬಾರದು ಎನ್ನುವುದು ಇದಕ್ಕೇ.

ಡಿಎನ್‌ಎ ಪರೀಕ್ಷೆ ಇಲ್ಲದ ಕಾಲದಲ್ಲಿ ಬೇರೆ ದೇಶಗಳ ತಳಿಗಾರರು ಅನುಮಾನವಿದ್ದ ನಾಯಿಯನ್ನು ಬೇಕೆಂದೇ ಕುರುಡು ನಾಯಿಯೊಂದಿಗೆ ಕೂಡಿಸಿ, ಮರಿಗಳ ಕಣ್ಣು ಕೆಡುತ್ತದೆಯೇ ಎಂದು ಕಾಯುತ್ತಿದ್ದರು. ಆರು ಮರಿಗಳೂ ಚೆನ್ನಾಗಿ ಉಳಿದರೆ ಆ ನಾಯಿ ವಾಹಕವಾಗಿರುವ ಶಂಕೆ ಬಹುಪಾಲು ನೀಗುತ್ತಿತ್ತು. ರೋಗ ಎಳೆಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುವ ಐರಿಶ್ ಸೆಟರ್‌ಗಳಲ್ಲಿ ಈ ಕ್ರೂರ ದಾರಿ ಹೇಗೋ ನಡೆಯಿತು. ಲ್ಯಾಬ್ರಡಾರ್‌ನಲ್ಲಿ ವರ್ಷಗಟ್ಟಲೆ ಕಾಯಬೇಕಾಗುತ್ತಿತ್ತು. ಇಂದು ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿದರೆ ಅದೇ ಉತ್ತರ ಸಿಗುತ್ತದೆ.

ಹಂತ 2: ಕೈಯಲ್ಲಿರುವ ಕಾಗದಗಳನ್ನು ಸರಿಯಾಗಿ ಓದಿ

‘ಪೇಪರ್ ಇದೆ ಸಾರ್’ ಎಂದು ನಮ್ಮಲ್ಲಿ ಹೇಳುವುದು ಹೆಚ್ಚಾಗಿ ಕೆಸಿಐ ನೋಂದಣಿಯನ್ನು ಕುರಿತು. ಚೆನ್ನೈಯಲ್ಲಿ ಕಚೇರಿ ಇರುವ ಕೆನಲ್ ಕ್ಲಬ್ ಆಫ್ ಇಂಡಿಯಾ ನಾಯಿಯ ವಂಶಾವಳಿಯನ್ನು ದಾಖಲಿಸುತ್ತದೆ. ನಾಯಿಯ ತಂದೆ, ತಾಯಿ, ಅಜ್ಜ, ಅಜ್ಜಿ ಯಾರೆಂದು ಆ ಕಾಗದ ಹೇಳುತ್ತದೆ. ಅವುಗಳ ಕಣ್ಣು ಹೇಗಿದ್ದವೆಂದು ಹೇಳುವುದಿಲ್ಲ. ಆದರೂ ಅದನ್ನು ಬದಿಗಿಡಬೇಡಿ. ಮೂರು ನಾಲ್ಕು ತಲೆಮಾರುಗಳ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ತಂದೆಯ ಕಡೆಯಲ್ಲೂ ತಾಯಿಯ ಕಡೆಯಲ್ಲೂ ಒಂದೇ ಹೆಸರು ಬರುತ್ತದೆಯೇ ನೋಡಿ. ತಂದೆ ಮಗಳನ್ನೋ ಒಡಹುಟ್ಟಿದವನ್ನೋ ಕೂಡಿಸಿದರೆ ಮರಿಗಳ ರಕ್ತಸಂಬಂಧದ ಗುಣಾಂಕ, ಎಂದರೆ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವ, ಶೇ. 25; ಒಂದೇ ತಂದೆಯ ಬೇರೆಬೇರೆ ತಾಯಿಯರ ಮಕ್ಕಳನ್ನು ಕೂಡಿಸಿದರೆ ಶೇ. 12.5. ಸುಪ್ತವಾಗಿರುವ ದೋಷಗಳು ಜೊತೆ ಸೇರಿ ಬಯಲಾಗುವುದು ಇಂಥ ಕೂಡಿಕೆಗಳಲ್ಲೇ.

ನಾಯಿಗೆ ಮೈಕ್ರೋಚಿಪ್, ಎಂದರೆ ಚರ್ಮದಡಿ ಇರಿಸುವ ಗುರುತಿನ ಸಂಖ್ಯೆಯ ಚಿಪ್, ಇಲ್ಲದಿದ್ದರೆ ಮೊದಲು ಹಾಕಿಸಿ. ಚಿಪ್ ಸಂಖ್ಯೆ ಇಲ್ಲದ ಆರೋಗ್ಯ ವರದಿ ಯಾವ ನಾಯಿಯದ್ದೂ ಆಗಬಹುದು.

ಹಂತ 3: ಡಿಎನ್‌ಎ ಪರೀಕ್ಷೆ ಮಾಡಿಸಿ

ಪ್ರಯೋಗಾಲಯವನ್ನು ಆಯ್ದುಕೊಳ್ಳುವಾಗ ದರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಯಾವ ದೋಷವನ್ನು ನೋಡುತ್ತೀರಿ ಎಂಬುದು. ‘ಪಿಆರ್‌ಎ ಟೆಸ್ಟ್’ ಎಂಬ ಉತ್ತರ ಸಾಲದು. ಪಿಆರ್‌ಸಿಡಿ ಎಂದು ಸ್ಪಷ್ಟವಾಗಿ ಹೇಳಬೇಕು. ಲ್ಯಾಬ್ರಡಾರ್‌ಗೆ ಇದರ ಜೊತೆಗೆ, ಕಾಲು ಕುಳ್ಳಾಗಿ ರೆಟಿನಾವೂ ಕೆಡುವ ಒಎಸ್‌ಡಿ ದೋಷವನ್ನೂ, 2019ರಲ್ಲಿ ಸ್ವೀಡನ್ನಿನ ಸಂಶೋಧಕರು ಗುರುತಿಸಿದ, ರೆಟಿನಾವನ್ನು ಕೆಡಿಸುವ ಸ್ಟಾರ್‌ಗಾರ್ಡ್ಟ್ ರೋಗದ ದೋಷವನ್ನೂ ನೋಡಿಸಬಹುದು. ಗೋಲ್ಡನ್ ರಿಟ್ರೀವರ್ ಆಗಿದ್ದರೆ ಪಿಆರ್‌ಸಿಡಿ ಒಂದೇ ಸಾಲುವುದಿಲ್ಲ. ಆ ತಳಿಗೇ ಸಂಬಂಧಿಸಿದ ಇನ್ನೆರಡು ಪಿಆರ್‌ಎ ದೋಷಗಳು 2011 ಮತ್ತು 2014ರಲ್ಲಿ ಪತ್ತೆಯಾಗಿವೆ. ಲ್ಯಾಬ್ರಡಾರ್‌ನ ಪಟ್ಟಿಯನ್ನು ಗೋಲ್ಡನ್‌ಗೆ ಹೊಂದಿಸಿ ಸಮಾಧಾನಪಟ್ಟುಕೊಳ್ಳುವವರನ್ನು ನೋಡಿದ್ದೇನೆ, ಆ ಸಮಾಧಾನಕ್ಕೆ ಬೆಲೆಯಿಲ್ಲ.

ಮಾದರಿ ತೆಗೆಯುವುದು ಸುಲಭ, ಆದರೆ ಎಚ್ಚರ ತಪ್ಪುವುದೂ ಇಲ್ಲೇ. ನಾಯಿ ಉಂಡು ಒಂದು ಗಂಟೆಯಾದರೂ ಆಗಿರಬೇಕು, ಅಷ್ಟು ಹೊತ್ತು ಇನ್ನೊಂದು ನಾಯಿಯ ತಟ್ಟೆಗೆ ಬಾಯಿ ಹಾಕಿರಬಾರದು. ಕೈ ತೊಳೆದು ಒರೆಸಿಕೊಂಡು, ಹತ್ತಿಕಡ್ಡಿಯ ತುದಿಯನ್ನು ಮುಟ್ಟದೆ, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟು ತಿರುಗಿಸುತ್ತಾ ಪ್ರಯೋಗಾಲಯ ಹೇಳಿದಷ್ಟು ಹೊತ್ತು ಚೆನ್ನಾಗಿ ಉಜ್ಜಿ. ಬರೀ ಜೊಲ್ಲು ಹತ್ತಿದರೆ ಸಾಲದು, ಕೆನ್ನೆಯೊಳಗಿನ ಕೋಶಗಳು ಬರಬೇಕು. ಲ್ಯಾಬ್ರಡಾರ್ ಬಾಯಿಯಲ್ಲಿ ಜೊಲ್ಲಿಗಂತೂ ಬರವಿಲ್ಲ. ಕಡ್ಡಿ ಗಾಳಿಯಲ್ಲಿ ಪೂರ್ತಿ ಆರಿದ ಮೇಲೆ ಲಕೋಟೆಗೆ ಹಾಕಿ, ಆಗಲೇ ಚಿಪ್ ಸಂಖ್ಯೆ ಬರೆಯಿರಿ. ಇನ್ನೊಂದು ನಾಯಿಯ ಮಾದರಿಯನ್ನು ಇದೆಲ್ಲ ಮುಗಿದ ಮೇಲೆ, ಮತ್ತೆ ಕೈ ತೊಳೆದು ತೆಗೆಯಿರಿ. ಹಾಲು ಕುಡಿಯುವ ಮರಿಯ ಬಾಯಲ್ಲಿ ತಾಯಿಯ ಕೋಶಗಳು ಇರುವ ಸಾಧ್ಯತೆ ಇರುವುದರಿಂದ ಅದನ್ನು ಸ್ವಲ್ಪ ಹೊತ್ತು ತಾಯಿಯಿಂದ ಬೇರೆ ಇರಿಸಬೇಕು. ನನ್ನ ಆಯ್ಕೆ ಮಾತ್ರ ರಕ್ತದ ಮಾದರಿ: ಪಶುವೈದ್ಯರೇ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ನೇರಳೆ ಮುಚ್ಚಳದ ಕೊಳವೆಗೆ ರಕ್ತ ತೆಗೆದು, ಚಿಪ್ ಓದಿ, ಸಹಿ ಮಾಡಿ ಕಳಿಸಿದರೆ ನಾಳೆ ಯಾರೂ ಆ ವರದಿಯ ಮೇಲೆ ಬೆರಳು ತೋರಿಸಲಾರರು.

ಹಂತ 4: ಕಣ್ಣನ್ನೂ ನೋಡಿಸಿ

ಡಿಎನ್‌ಎ ವರದಿ ಕ್ಲಿಯರ್ ಬಂದ ಮೇಲೆ ಕಣ್ಣಿನ ಪರೀಕ್ಷೆ ಏಕೆ ಎಂದು ಕೇಳುವವರು ಬಹಳ. ಡಿಎನ್‌ಎ ಪರೀಕ್ಷೆಯು ತಾನು ಹುಡುಕಿದ ದೋಷದ ಬಗ್ಗೆ ಮಾತ್ರ ಹೇಳುತ್ತದೆ. ಲ್ಯಾಬ್ರಡಾರ್‌ಗಳಲ್ಲಿ ವಂಶದಿಂದ ಬರುವ ಕಣ್ಣಿನ ಪೊರೆಗೆ, ರೆಟಿನಾದ ಪದರ ಮಡಿಚಿಕೊಂಡಿರುವ ರೆಟಿನಲ್ ಡಿಸ್‌ಪ್ಲೇಸಿಯಾಕ್ಕೆ, ರೆಪ್ಪೆ ಒಳಮಡಿಚುವ ತೊಂದರೆಗೆ ಕಣ್ಣನ್ನೇ ನೋಡಬೇಕು. ಇತ್ತ ಕಣ್ಣಿನ ಪರೀಕ್ಷೆಯೊಂದನ್ನೇ ನಂಬಿದರೆ ವಾಹಕ ನಾಯಿಯೂ ತಪ್ಪಿಸಿಕೊಳ್ಳುತ್ತದೆ, ಮುಂದೆ ರೋಗ ಬರಲಿರುವ ಎಳೆಯ ನಾಯಿಯೂ ತಪ್ಪಿಸಿಕೊಳ್ಳುತ್ತದೆ. ಎರಡೂ ಬೇಕು.

ಪರೀಕ್ಷೆಯನ್ನು ಪಶುವೈದ್ಯಕೀಯ ನೇತ್ರ ಚಿಕಿತ್ಸೆಯಲ್ಲಿ ಪಳಗಿದವರಿಂದಲೇ ಮಾಡಿಸಿ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶುವೈದ್ಯಕೀಯ ಕಾಲೇಜಿನಲ್ಲೋ ನಿಮ್ಮ ಊರಿನ ಹತ್ತಿರದ ಪಶು ಆಸ್ಪತ್ರೆಯಲ್ಲೋ ಮೊದಲು ವಿಚಾರಿಸಿ. ಗಡಿ ದಾಟಲು ಸಿದ್ಧರಿರುವವರಿಗೆ ಚೆನ್ನೈಯ ಮದ್ರಾಸ್ ಪಶುವೈದ್ಯಕೀಯ ಕಾಲೇಜಿನ ನೇತ್ರ ವಿಭಾಗವೂ ಇದೆ. ಕಣ್ಣಿನೊಳಗಿನ ಒತ್ತಡವನ್ನು ಮೊದಲು ಅಳೆದು, ಆಮೇಲೆ ಪಾಪೆ ಅಗಲವಾಗುವ ಹನಿ ಹಾಕುತ್ತಾರೆ. ಅದು ಕೆಲಸ ಮಾಡಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಬಳಿಕ ಕತ್ತಲೆ ಕೋಣೆಯಲ್ಲಿ ಸ್ಲಿಟ್ ಲ್ಯಾಂಪಿನಿಂದ ಮಸೂರವನ್ನೂ, ಇನ್‌ಡೈರೆಕ್ಟ್ ಆಫ್ತಾಲ್ಮೋಸ್ಕೋಪಿನಿಂದ ರೆಟಿನಾವನ್ನೂ ನೋಡುತ್ತಾರೆ. ಹನಿ ಹಾಕದೆ ಟಾರ್ಚ್ ಬಿಟ್ಟು ‘ಎಲ್ಲ ಸರಿ ಇದೆ’ ಎಂದರೆ ರೆಟಿನಾ ಪರೀಕ್ಷೆ ಆಗಿಲ್ಲವೆಂದೇ ತಿಳಿಯಿರಿ. ಹನಿಯ ಪ್ರಭಾವ ಇಳಿಯುವವರೆಗೆ ನಾಯಿಗೆ ಬಿಸಿಲು ಚುಚ್ಚುವುದರಿಂದ ಸಂಜೆಯ ಸಮಯ ಕೇಳಿಕೊಳ್ಳುವುದು ಒಳ್ಳೆಯದು.

ಈ ವರದಿಗೆ ಆಯುಷ್ಯ ಕಡಿಮೆ. ಅಮೆರಿಕದ ನೋಂದಣಿ ವ್ಯವಸ್ಥೆಯಲ್ಲಿ ಕಣ್ಣಿನ ಪ್ರಮಾಣಪತ್ರ 12 ತಿಂಗಳಿಗೆ ಮಾತ್ರ ಸಲ್ಲುತ್ತದೆ. ನಮ್ಮಲ್ಲಿ ಅಂಥ ಕಟ್ಟುನಿಟ್ಟು ಇಲ್ಲದಿದ್ದರೂ ಕೂಡಿಸುವ ವರ್ಷ ಹೊಸದಾಗಿ ನೋಡಿಸುವುದೇ ಸರಿ.

ಮನೆಯಲ್ಲಿ ಏನನ್ನು ಗಮನಿಸಬೇಕು? ಮುಸ್ಸಂಜೆಯಲ್ಲಿ, ಅಥವಾ ಕರೆಂಟ್ ಹೋದಾಗ, ನಾಯಿಯನ್ನು ಪರಿಚಯವಿಲ್ಲದ ಜಾಗದಲ್ಲಿ ನಡೆಸಿ ನೋಡಿ. ಸ್ವಂತ ಮನೆಯ ಮೆಟ್ಟಿಲು ಅದಕ್ಕೆ ಬಾಯಿಪಾಠ, ಅಲ್ಲಿ ಏನೂ ತಿಳಿಯುವುದಿಲ್ಲ. ಇಳಿಯುವ ಮುನ್ನ ಮುಂಗಾಲಿನಿಂದ ಮೆಟ್ಟಿಲನ್ನು ತಡಕುವುದು, ಕಾರಿನಿಂದ ರಾತ್ರಿ ಹೊತ್ತು ಮಾತ್ರ ಕೆಳಗೆ ಹಾರಲು ಹಿಂಜರಿಯುವುದು, ಬೆಳಕಿರುವ ಕೋಣೆಯಲ್ಲೂ ಪಾಪೆ ಅಗಲವಾಗಿಯೇ ಇರುವುದು, ಕಣ್ಣಿನ ಹೊಳಪು ಮೊದಲಿಗಿಂತ ಹೆಚ್ಚಾಗಿರುವುದು, ಇವು ಅನುಮಾನಕ್ಕೆ ಎಡೆಮಾಡುವ ಲಕ್ಷಣಗಳು. ನೋಟ ಇದೆಯೇ ಎಂದು ತಿಳಿಯಲು ಅದರ ಮುಂದೆ ಕೈ ಬೀಸಬೇಡಿ, ಗಾಳಿ ತಾಗಿದರೂ ಕಣ್ಣು ಮಿಟುಕಿಸುತ್ತದೆ. ಸದ್ದಿಲ್ಲದೆ ಬೀಳುವ ಹತ್ತಿಯ ಉಂಡೆಯನ್ನು ಮೂಗಿನ ಮುಂದಿನಿಂದ ಬಿಟ್ಟು, ಕಣ್ಣು ಅದನ್ನು ಹಿಂಬಾಲಿಸುತ್ತದೆಯೇ ನೋಡಿ.

ಕಣ್ಣು ಕಾಣದ ಪ್ರತಿ ನಾಯಿಗೂ ವಂಶವನ್ನು ದೂರುವುದೂ ತಪ್ಪು. ನಾಯಿಯ ಮೈಗೆ ಕಚ್ಚುವ ಉಣ್ಣೆಹುಳದಿಂದ ಬರುವ ಎರ್ಲಿಕಿಯಾ ಜ್ವರ ಕಣ್ಣಿನೊಳಗೆ ಉರಿಯೂತವನ್ನೂ ರಕ್ತಸ್ರಾವವನ್ನೂ ತರಬಲ್ಲದು, ಮತ್ತು ನಮ್ಮ ಹವೆಯಲ್ಲಿ ಅದು ಸಾಮಾನ್ಯ. ಸಕ್ಕರೆ ಕಾಯಿಲೆ ಕೆಲವೇ ವಾರಗಳಲ್ಲಿ ಪೊರೆ ಬೆಳೆಸುತ್ತದೆ. ಏಳೆಂಟು ವರ್ಷದ ಮೇಲೆ ಮಸೂರದಲ್ಲಿ ಕಾಣುವ ನೀಲಿ ಛಾಯೆ ಹೆಚ್ಚಾಗಿ ವಯಸ್ಸಿನದು, ಅದು ಪೊರೆಯೂ ಅಲ್ಲ. ಪಿಆರ್‌ಎ ಇರುವ ನಾಯಿಗೇ ಕೊನೆಗೆ ಪೊರೆಯೂ ಬರುವುದುಂಟು. ರೆಟಿನಾ ಸತ್ತಿದೆಯೇ ಎಂದು, ಬೆಳಕಿಗೆ ಅದು ತೋರುವ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆಯುವ ಇಆರ್‌ಜಿ ಪರೀಕ್ಷೆಯಿಂದ ನೋಡದೆ ಪೊರೆ ತೆಗೆಸಿದರೆ ದುಡ್ಡು ಹೋಗುತ್ತದೆ, ನೋಟ ಬರುವುದಿಲ್ಲ.

ಹಂತ 5: ಜೋಡಿಯನ್ನು ಆರಿಸಿ

ನಿಯಮ ಚಿಕ್ಕದು: ಎರಡರಲ್ಲಿ ಒಂದಾದರೂ ಕ್ಲಿಯರ್ ಆಗಿರಬೇಕು. ಕ್ಲಿಯರ್ ನಾಯಿಯನ್ನು ಕ್ಲಿಯರ್ ನಾಯಿಯೊಂದಿಗೆ ಕೂಡಿಸಿದರೆ ಎಲ್ಲ ಮರಿಗಳೂ ಕ್ಲಿಯರ್. ಕ್ಲಿಯರ್ ಮತ್ತು ವಾಹಕ ಕೂಡಿದರೆ ಪ್ರತಿ ಮರಿಯೂ ವಾಹಕವಾಗುವ ಸಂಭವ ಅರ್ಧಕ್ಕರ್ಧ, ಆದರೆ ಪಿಆರ್‌ಸಿಡಿಯಿಂದ ಒಂದೂ ಕುರುಡಾಗುವುದಿಲ್ಲ. ಕ್ಲಿಯರ್ ಮತ್ತು ರೋಗವಿರುವ ನಾಯಿ ಕೂಡಿದರೆ ಎಲ್ಲವೂ ವಾಹಕಗಳು. ರೋಗವಿರುವ ನಾಯಿಯನ್ನು ಸಂತಾನಕ್ಕೆ ಬಳಸದಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ತಳಿ ಬಹಳ ಚಿಕ್ಕದಾಗಿರುವ ಕಡೆ ಬೇರೆ ತೀರ್ಮಾನ ಬೇಕಾಗಬಹುದು, ಲ್ಯಾಬ್ರಡಾರ್‌ಗೆ ಆ ಬಡತನವಿಲ್ಲ.

ಇಲ್ಲಿ ಉತ್ಸಾಹಿಗಳು ಒಂದು ಹೆಜ್ಜೆ ಹೆಚ್ಚು ಇಡುತ್ತಾರೆ. ವಾಹಕ ಎಂದು ತಿಳಿದೊಡನೆ ಆ ನಾಯಿಯನ್ನು ತಳಿಯಿಂದಲೇ ಹೊರಹಾಕಬೇಕೆನ್ನುತ್ತಾರೆ. ಲೆಕ್ಕ ಹಾಕಿ ನೋಡಿ: ಒಂದು ತಳಿಯಲ್ಲಿ ನೂರಕ್ಕೆ ಒಂದು ನಾಯಿಗೆ ರೋಗವಿದ್ದು, ಕೂಡಿಕೆಗಳು ಬೇಕಾಬಿಟ್ಟಿ ನಡೆಯುತ್ತಿವೆ ಎಂದುಕೊಂಡರೆ, ವಾಹಕಗಳು ನೂರಕ್ಕೆ 18. ಅವೆಲ್ಲವನ್ನೂ ಒಮ್ಮೆಗೇ ಕೈಬಿಟ್ಟರೆ ತಳಿಯ ಐದನೇ ಒಂದು ಪಾಲಿನಷ್ಟು ನಾಯಿಗಳು ಹೋದವು. ಅವುಗಳ ಜೊತೆಗೆ ಒಳ್ಳೆಯ ಸೊಂಟ, ಒಳ್ಳೆಯ ಸ್ವಭಾವ, ದೀರ್ಘಾಯುಷ್ಯ ಎಲ್ಲವೂ ಹೋದವು. ಉಳಿದ ನಾಲ್ಕಾರು ಹೆಸರುವಾಸಿ ಗಂಡುನಾಯಿಗಳನ್ನೇ ಎಲ್ಲರೂ ಬಳಸತೊಡಗಿದರೆ, ಪರೀಕ್ಷೆಯೇ ಇಲ್ಲದ ಇನ್ನೊಂದು ದೋಷ ಎಲ್ಲ ಮನೆಗಳಿಗೂ ಹಂಚಿಹೋಗುತ್ತದೆ. ಒಳ್ಳೆಯ ವಾಹಕ ನಾಯಿಯನ್ನು ಕ್ಲಿಯರ್ ನಾಯಿಯೊಂದಿಗೆ ಕೂಡಿಸಿ, ಮರಿಗಳನ್ನು ಪರೀಕ್ಷಿಸಿ, ಮುಂದಿನ ತಲೆಮಾರಿಗೆ ಕ್ಲಿಯರ್ ಮರಿಯನ್ನು ಉಳಿಸಿಕೊಳ್ಳುವುದೇ ಸರಿಯಾದ ದಾರಿ.

ಮುಧೋಳ ನಾಯಿ ಸಾಕುವವರೂ ಇದನ್ನು ಓದುತ್ತಿರಬಹುದು. ಕಣ್ಣಿನಿಂದಲೇ ಬೇಟೆಯನ್ನು ಹಿಂಬಾಲಿಸುವ ಆ ತಳಿಗೆ ಲ್ಯಾಬ್ರಡಾರ್‌ನ ಡಿಎನ್‌ಎ ಪಟ್ಟಿಯನ್ನು ಹಚ್ಚಿ ‘ಎಲ್ಲ ಕ್ಲಿಯರ್’ ಎಂದು ಬರೆಸಿಕೊಳ್ಳುವುದರಲ್ಲಿ ಹುರುಳಿಲ್ಲ. ಅಲ್ಲಿ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ, ವಂಶಾವಳಿಯ ಎಚ್ಚರದ ದಾಖಲೆ ಮತ್ತು ರಕ್ತಸಂಬಂಧದ ಕೂಡಿಕೆಯಿಂದ ದೂರವಿರುವುದು, ಇವೇ ಕೆಲಸಕ್ಕೆ ಬರುವಂಥವು.

ಹಂತ 6: ಗಂಡುನಾಯಿಯ ಮಾಲೀಕರೊಂದಿಗೆ ಮಾತು

ಕ್ರಾಸಿಂಗ್‌ಗೆ ದುಡ್ಡೋ ಒಂದು ಮರಿಯೋ ಎಂಬ ಮಾತಿಗಿಂತ ಮೊದಲು ವರದಿಯ ಮಾತು ಆಗಬೇಕು. ‘ನಮ್ಮ ನಾಯಿಗೆ ಏನೂ ತೊಂದರೆ ಇಲ್ಲ ಸಾರ್, ಚಾಂಪಿಯನ್ ಲೈನ್’ ಎಂಬ ಉತ್ತರ ಬಂದರೆ ಮೆತ್ತಗೆ ಹೀಗೆ ಕೇಳಿ: ‘ನಮ್ಮದರ ವರದಿ ತಂದಿದ್ದೇನೆ, ನೋಡಿ. ನಿಮ್ಮದರದ್ದೂ ಒಮ್ಮೆ ತೋರಿಸ್ತೀರಾ?’ ಪ್ರದರ್ಶನದಲ್ಲಿ ತೀರ್ಪುಗಾರರು ಮೈಕಟ್ಟು, ನಡಿಗೆ ನೋಡಿ ಅಂಕ ಕೊಡುತ್ತಾರೆ, ವಂಶವಾಹಿಯನ್ನಲ್ಲ. ವರದಿಯಲ್ಲಿರುವ ಚಿಪ್ ಸಂಖ್ಯೆಯನ್ನು ಸ್ಕ್ಯಾನರಿನಲ್ಲಿ ಓದಿಸಿ ತಾಳೆ ನೋಡುವುದನ್ನು ಅವಮಾನವೆಂದು ಭಾವಿಸುವವರಿದ್ದರೆ ಬೇರೆ ಗಂಡುನಾಯಿ ಹುಡುಕಿ. ನಿಮ್ಮ ಹೆಣ್ಣುನಾಯಿ ಕ್ಲಿಯರ್ ಆಗಿದ್ದರೆ ಪಿಆರ್‌ಸಿಡಿ ಮಟ್ಟಿಗೆ ಗಂಡಿನ ವರದಿ ಇಲ್ಲದೆಯೂ ಮರಿಗಳು ಕುರುಡಾಗುವುದಿಲ್ಲ, ನಿಜ. ಆದರೆ ಎಷ್ಟು ಮರಿಗಳು ವಾಹಕವೆಂದು ತಿಳಿಯದೆ ಅವು ಮುಂದಿನ ಮನೆಗಳಿಗೆ ಹೋಗುತ್ತವೆ.

ಹಂತ 7: ಮರಿಗಳು ಹುಟ್ಟಿದ ಮೇಲೆ

2017ರ ಕೇಂದ್ರ ನಿಯಮಗಳ ಪ್ರಕಾರ ನಾಯಿ ತಳಿ ಸಂವರ್ಧನೆ ನಡೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆ ಎಂಟು ವಾರಗಳನ್ನು ಬಳಸಿಕೊಳ್ಳಿ. ಆರರಿಂದ ಎಂಟು ವಾರದ ಮರಿಗಳಲ್ಲಿ ರೆಟಿನಲ್ ಡಿಸ್‌ಪ್ಲೇಸಿಯಾದಂಥ ಹುಟ್ಟು ದೋಷಗಳು ಕಾಣುತ್ತವೆ, ಆದ್ದರಿಂದ ಎಲ್ಲ ಮರಿಗಳನ್ನೂ ಒಟ್ಟಿಗೆ ಒಯ್ದು ನೋಡಿಸಿಬಿಡಬಹುದು. ತಂದೆ ತಾಯಿಗಳಲ್ಲಿ ಒಂದು ವಾಹಕವಾಗಿದ್ದರೆ ಪ್ರತಿ ಮರಿಯ ಡಿಎನ್‌ಎ ಪರೀಕ್ಷೆಯನ್ನೂ ಮಾಡಿಸಬೇಕು.

ಕೊಳ್ಳುವವರಿಗೆ ಮರಿಯ ಜೊತೆಗೆ ತಂದೆ ತಾಯಿಗಳ ವರದಿಗಳ ಪ್ರತಿ, ಮರಿಯ ಸ್ವಂತ ವರದಿ, ಚಿಪ್ ಸಂಖ್ಯೆ ಕೊಡಿ. ವಾಹಕ ಮರಿಯನ್ನು ಮುಚ್ಚಿಟ್ಟು ಮಾರಬೇಡಿ: ‘ಇದಕ್ಕೆ ಈ ರೋಗ ಬರುವುದಿಲ್ಲ, ಆದರೆ ಮುಂದೆ ಮರಿ ಹಾಕಿಸುವುದಾದರೆ ಕ್ಲಿಯರ್ ನಾಯಿಯೊಂದಿಗೇ ಕೂಡಿಸಬೇಕು’ ಎಂದು ಬರೆದುಕೊಟ್ಟು ಸಹಿ ತೆಗೆದುಕೊಳ್ಳಿ. ಮನೆಯಲ್ಲಿ ಸುಮ್ಮನೆ ಸಾಕಿಕೊಳ್ಳುವವರಿಗೆ ವಾಹಕ ಮರಿಯೂ ಕ್ಲಿಯರ್ ಮರಿಯೂ ಒಂದೇ.

ಹಂತ 8: ವರ್ಷಗಳ ಮೇಲೆ ಒಂದು ಫೋನ್ ಬಂದರೆ

ಐದು ವರ್ಷದ ಹಿಂದೆ ನಿಮ್ಮಿಂದ ಮರಿ ಕೊಂಡವರು ‘ರಾತ್ರಿ ಗೋಡೆಗೆ ಡಿಕ್ಕಿ ಹೊಡೀತಿದೆ’ ಎಂದು ಫೋನ್ ಮಾಡಿದರೆ, ಮೊದಲು ನೇತ್ರ ಪರೀಕ್ಷೆ, ಉಣ್ಣೆಜ್ವರ ಮತ್ತು ಸಕ್ಕರೆಯ ರಕ್ತಪರೀಕ್ಷೆ, ಆಮೇಲೆ ಡಿಎನ್‌ಎ ಮಾಡಿಸಲು ಹೇಳಿ. ಪಿಆರ್‌ಸಿಡಿ ಖಚಿತವಾದರೆ ಆ ಮರಿಯ ತಂದೆ ತಾಯಿ ಎರಡೂ ಕನಿಷ್ಠ ವಾಹಕಗಳೆಂದು ತಾನಾಗಿಯೇ ಸಾಬೀತಾಯಿತು. ನಿಮ್ಮ ಹಳೆಯ ವರದಿ ಕ್ಲಿಯರ್ ಎಂದಿದ್ದರೆ ಎಲ್ಲೋ ಮಾದರಿ ಅದಲುಬದಲಾಗಿದೆ ಅಥವಾ ಗಂಡು ಹೆಣ್ಣುಗಳಲ್ಲಿ ಒಂದರ ಗುರುತು ತಪ್ಪಿದೆ, ಮರುಪರೀಕ್ಷೆ ಆಗಬೇಕು. ಡಿಎನ್‌ಎ ಕ್ಲಿಯರ್ ಬಂದೂ ರೆಟಿನಾ ಸೊರಗಿದ್ದರೆ ಅದು ಇನ್ನೊಂದು ಬಗೆಯ ಪಿಆರ್‌ಎ ಆಗಿರಬಹುದು, ಆ ಜೋಡಿಯನ್ನು ಮತ್ತೆ ಕೂಡಿಸಬೇಡಿ.

ಔಷಧದ ಆಸೆ ಹುಟ್ಟಿಸುವವರು ಬಹಳ ಸಿಗುತ್ತಾರೆ. ಬ್ರಿಯಾರ್ಡ್ ತಳಿಯ ನಾಯಿಗಳಲ್ಲಿ ಆರ್‌ಪಿಇ65 ಎಂಬ ಬೇರೊಂದು ವಂಶವಾಹಿಯ ದೋಷಕ್ಕೆ ವಂಶವಾಹಿ ಚಿಕಿತ್ಸೆ ಫಲಿಸಿದ ಸುದ್ದಿ 2001ರಲ್ಲಿ ಬಂದಿತು. ಲ್ಯಾನ್ಸೆಲಟ್ ಎಂಬ ನಾಯಿ ಅದರಿಂದ ಹೆಸರಾಯಿತು. ಅದೇ ದಾರಿಯಲ್ಲಿ ಮನುಷ್ಯರಿಗಾಗಿ ರೂಪುಗೊಂಡ ಔಷಧಕ್ಕೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಲ್ಯಾಬ್ರಡಾರ್‌ನ ಪಿಆರ್‌ಸಿಡಿಗೆ ಆಸ್ಪತ್ರೆಯಲ್ಲಿ ಸಿಗುವ ಅಂಥ ಚಿಕಿತ್ಸೆ ಇಲ್ಲ. ಕ್ಯಾರೆಟ್ಟು, ವಿಟಮಿನ್ ಗುಳಿಗೆಗಳಿಂದ ಸತ್ತ ರೆಟಿನಾ ಚಿಗುರುವುದಿಲ್ಲ. ನಾಯಿಯ ಮನೆಯವರಿಗೆ ಹೇಳಬೇಕಾದದ್ದು ಬೇರೆ: ಸೋಫಾ, ಮಂಚ, ನೀರಿನ ಬಟ್ಟಲುಗಳ ಜಾಗ ಬದಲಿಸಬೇಡಿ, ತೆರೆದ ಸಂಪಿನ ಮೇಲೆ ಮುಚ್ಚಳವಿರಲಿ, ಮುಟ್ಟುವ ಮುನ್ನ ಹೆಸರು ಹಿಡಿದು ಕರೆಯಿರಿ, ಹೊರಗೆ ಹಗ್ಗವಿಲ್ಲದೆ ಬಿಡಬೇಡಿ.

ಫೋನ್ ಇಟ್ಟ ಮೇಲೆ ಆ ಜೋಡಿಯ ಉಳಿದ ಮರಿಗಳ ಮಾಲೀಕರಿಗೆಲ್ಲ ತಿಳಿಸಿ, ಅವರಲ್ಲಿ ಯಾರಾದರೂ ಕೂಡಿಸುವ ಯೋಚನೆಯಲ್ಲಿದ್ದರೆ ಡಿಎನ್‌ಎ ವರದಿ ಬರುವವರೆಗೆ ತಡೆಯಲು ಹೇಳಿ. ಗಂಡುನಾಯಿಯ ಮಾಲೀಕರಿಗೆ ಬಾಯಿಮಾತಿನಲ್ಲಲ್ಲ, ವರದಿಯ ಪ್ರತಿಯೊಂದಿಗೆ ಬರವಣಿಗೆಯಲ್ಲೇ ತಿಳಿಸಿ. ಆ ನಾಯಿಗೆ ಬೇರೆ ಮನೆಗಳಲ್ಲಿ ಹುಟ್ಟಿರುವ ಮರಿಗಳ ಪಟ್ಟಿ ಅವರ ಬಳಿಯೇ ಇರುತ್ತದೆ.